ಹೆದ್ದಾರಿ ಬೇಕು ಅನ್ನಲು ಹೋಗಿ ಗಾಡಿ ಎಣಿಸುತ್ತಾ ಕೂತೆ

ಮೊದಲೇ ಹೇಳಿಬಿಡುತ್ತೇನೆ. ನಾನು ಆ ಸಭೆಗೆ ಹೋಗಿದ್ದು ಹೊಸ ಹೆದ್ದಾರಿ ಬೇಕು ಅಂತ ಹೇಳಲು. ದಿನಾ ಎರಡು ಹೊತ್ತು ಹಳೇ ರಸ್ತೆಯಲ್ಲಿ ಲಾರಿಗಳ ಹಿಂದೆ ತೆವಳಿ ತೆವಳಿ ಸಾಕಾಗಿತ್ತು. ಕ್ಲಚ್ ಒತ್ತಿ ಒತ್ತಿ ಎಡಗಾಲು ನೋಯುತ್ತಿತ್ತು. ನಾಲ್ಕು ಲೇನ್ ಬರುತ್ತದೆ ಅಂದಾಗ ನನಗೆ ಕಂಡಿದ್ದು ಖಾಲಿ ರಸ್ತೆ, ಅದರ ಮೇಲೆ ನನ್ನ ಒಂದೇ ಕಾರು. ಎಲ್ಲರ ಕನಸಿನಲ್ಲೂ ಹೆದ್ದಾರಿ ಹೀಗೇ ಇರುತ್ತದೆ ಅನ್ನೋದು ಆಮೇಲೆ ಗೊತ್ತಾಯಿತು.

ಗೂಟ ನೆಟ್ಟಿದ್ದು ಒಂದು ಬೆಳಿಗ್ಗೆ. ತಲೆಗೆ ಕೆಂಪು ಬಣ್ಣ ಬಳಿದ ಗಿಡ್ಡ ಗೂಟಗಳು. ಹೊಲದ ನಡುವೆ, ಮರಗಳ ಸಾಲಿನ ಮಧ್ಯೆ, ಮಕ್ಕಳು ಆಡುವ ಬಯಲಿನಲ್ಲೂ ಎರಡು. ಸಂಜೆ ಹೊತ್ತಿಗೆ ಸುದ್ದಿ ಎಲ್ಲರಿಗೂ ಮುಟ್ಟಿತು. ರಾತ್ರಿ ಹೊತ್ತಿಗೆ ಎರಡು ಗುಂಪೂ ಆಯಿತು.

ಮೊದಲ ಸಭೆ ಶಾಲೆಯ ಹಾಲ್‌ನಲ್ಲಿ. ನಮ್ಮಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ, ವಿಜ್ಞಾನ ಕಲಿಸುತ್ತಿದ್ದವರು. ಎದ್ದು ನಿಂತವರೇ, "ಭೂಮಿ ಕಾದು ಹೋಗ್ತಾ ಇದೆ. ಅದರ ಮೇಲೆ ಡಾಂಬರು ಹಾಕ್ತೀನಿ ಅಂತೀರಲ್ಲ" ಅಂದರು. 2015ರ ಪ್ಯಾರಿಸ್ ಒಪ್ಪಂದ, ಭೂಮಿಯ ಬಿಸಿ ಒಂದೂವರೆ ಡಿಗ್ರಿಗಿಂತ ಹೆಚ್ಚು ಏರದಂತೆ ನೋಡಿಕೊಳ್ಳುವ ಗುರಿ, ಎಲ್ಲ ಹೇಳಿದರು. ಹಿಂದಿನ ಬೆಂಚಿನಿಂದ ಲಾರಿ ಓಡಿಸುವವರೊಬ್ಬರು ಕೂಗಿದರು: "ಮೇಷ್ಟ್ರೇ, ನೀವು ಮನೆಯಿಂದ ಆಚೆ ಬರೋದು ವಾಕಿಂಗ್‌ಗೆ. ನಾನು ರಾತ್ರಿ ಎರಡು ಗಂಟೆಗೆ ಆ ತಿರುವಿನಲ್ಲಿ ಎದುರು ಗಾಡಿ ಲೈಟು ನೋಡ್ಕೊಂಡು ಬರ್ತೀನಿ. ನನಗೆ ಒಂದೂವರೆ ಡಿಗ್ರಿ ಕಾಣಲ್ಲ."

ಆದರೆ ಆ ದಿನ ನನ್ನ ಮನಸ್ಸಿನಲ್ಲಿ ಉಳಿದಿದ್ದು ಇವರಿಬ್ಬರೂ ಅಲ್ಲ. ಹಳೇ ರಸ್ತೆಗೆ ಅಂಟಿಕೊಂಡ ಮನೆಯಾಕೆ ಒಬ್ಬರು ಮೈಕ್ ತಗೊಂಡರು. ಅವರ ಬಾಗಿಲಿಂದ ಕೈ ಚಾಚಿದರೆ ಲಾರಿ ಸಿಗುತ್ತದೆ. "ಮರದ ಪರವಾಗಿ ಮಾತಾಡೋಕೆ ಇಷ್ಟು ಜನ ಇದ್ದೀರ. ನಮ್ಮನೆ ಒಳಗೆ ಬರೋ ಹೊಗೆ ಪರವಾಗಿ ಯಾರಿದ್ದೀರ?" ಅಂದರು. ಪರವಾಗಿ ಅಲ್ಲ, ವಿರುದ್ಧ ಅನ್ನಬೇಕಿತ್ತು. ಕೆಲವರು ನಕ್ಕರು. ಆಕೆ ನಗಲಿಲ್ಲ. ನಾನು ಚಪ್ಪಾಳೆ ತಟ್ಟಿದೆ, ಯಾಕಂದರೆ ಅವರು ರಸ್ತೆ ಬೇಕು ಅನ್ನುವ ಕಡೆಯವರು, ನನ್ನ ಕಡೆಯವರು. ಆ ಚಪ್ಪಾಳೆ ಈಗ ನೆನೆದರೆ ಸ್ವಲ್ಪ ನಾಚಿಕೆ ಆಗುತ್ತದೆ. ಆಕೆಯ ಹೊಗೆಯಲ್ಲಿ ನನ್ನ ಕಾರಿನದೂ ಇತ್ತಲ್ವಾ.

ಪರಿಸರ ಪರಿಣಾಮ ವರದಿಯನ್ನು ಜನ ಬಂದು ಓದಬಹುದು ಅಂತ ನೋಟಿಸ್ ಅಂಟಿಸಿದ್ದರು. ಇಂಥ ವರದಿ ಬರೆಯಲೇಬೇಕು ಅಂತ ಮೊದಲು ಕಾನೂನು ಮಾಡಿದ್ದು ಅಮೆರಿಕ, 1970ರ ಜನವರಿ 1ರಂದು ಸಹಿ ಬಿದ್ದಿತ್ತು. ಆಮೇಲೆ ಒಂದೊಂದೇ ದೇಶ ಅದನ್ನು ತಗೊಂಡಿತು. ಬರೆಯೋರು ಇದ್ದಾರೆ, ಓದೋರು ಕಡಿಮೆ. ನಮ್ಮ ಗುಂಪಿನಲ್ಲಿ "ಅಕ್ಕ, ನೀವು ಲೆಕ್ಕಪತ್ರ ನೋಡೋರು, ನೀವೇ ಓದಿ" ಅಂತ ನನ್ನ ತಲೆಗೆ ಕಟ್ಟಿದರು. ರಸ್ತೆಯ ಪರ ನಾಲ್ಕು ಅಂಕಿ ಹುಡುಕಿ ತರಲಿ ಅನ್ನೋದು ಅವರ ಆಸೆ.

ನಾಲ್ಕು ಸಂಜೆ ವರದಿ ಇಟ್ಟಿದ್ದ ಕಚೇರಿಯ ಮೂಲೆ ಮೇಜಿನಲ್ಲಿ ಕೂತೆ. ಶುರುವಿನ ಅಧ್ಯಾಯಗಳು ಸಲೀಸು. ಮಣ್ಣು, ಗಾಳಿ, ಹಕ್ಕಿಗಳ ಪಟ್ಟಿ. ಬೇರೆ ಯಾವುದೋ ವರದಿಯಿಂದ ಎತ್ತಿ ಹಾಕಿದ ಪ್ಯಾರಾಗಳು ಬೇಗ ಗೊತ್ತಾಗುತ್ತವೆ, ಅಕ್ಷರದ ಸೈಜೇ ಬೇರೆ ಇರುತ್ತದೆ. ಹವಾಮಾನದ ಬಗ್ಗೆ ಇದ್ದಿದ್ದು ಒಂದೂವರೆ ಪುಟ. ಅದರ ಕೊನೆಗೆ ಒಂದು ಸಾಲು: ಈ ಯೋಜನೆಯಿಂದ ಇಂಗಾಲದ ಹೊಗೆ ಕಡಿಮೆಯಾಗುತ್ತದೆ. ನನಗೆ ಖುಷಿಯಾಯಿತು. ಮೇಷ್ಟ್ರ ಬಾಯಿ ಮುಚ್ಚಿಸಲು ಇಷ್ಟು ಸಾಕು ಅಂದುಕೊಂಡು, ಲೆಕ್ಕ ಎಲ್ಲಿದೆ ನೋಡೋಣ ಅಂತ ಅನುಬಂಧ ತೆಗೆದೆ.

ಅಲ್ಲಿ ಒಂದು ಕೋಷ್ಟಕ. ಎಡಕ್ಕೆ "ರಸ್ತೆ ಮಾಡದಿದ್ದರೆ", ಬಲಕ್ಕೆ "ರಸ್ತೆ ಮಾಡಿದರೆ". ಇಪ್ಪತ್ತು ವರ್ಷದ ತನಕ ದಿನಕ್ಕೆ ಎಷ್ಟು ಗಾಡಿ ಓಡುತ್ತವೆ ಅನ್ನುವ ಅಂದಾಜು. ಎರಡೂ ಕಡೆಯ ಒಟ್ಟು ಮೊತ್ತ ಒಂದೇ. ಪ್ರತಿ ವರ್ಷವೂ ಒಂದೇ. ಕೊನೇ ಅಂಕಿವರೆಗೂ ಒಂದೇ.

ನನ್ನ ಕೆಲಸದಲ್ಲಿ ಎರಡು ಬೇರೆ ಖಾತೆಗಳ ಮೊತ್ತ ಹೀಗೆ ಒಂದೇ ಬಂದರೆ ಯಾರೂ ಖುಷಿ ಪಡುವುದಿಲ್ಲ. ಯಾರು ನಕಲು ಹೊಡೆದರು ಅಂತ ಹುಡುಕುತ್ತೇವೆ. ಇಲ್ಲಿ ನಕಲು ಅಲ್ಲ, ಅದು ಅವರ ಊಹೆ. ರಸ್ತೆ ಮಾಡಿದರೂ ಮಾಡದಿದ್ದರೂ ಅಷ್ಟೇ ಜನ, ಅಷ್ಟೇ ಸಲ, ಅಷ್ಟೇ ದೂರ ಓಡಾಡುತ್ತಾರೆ ಅಂತ ಇಟ್ಟುಕೊಂಡಿದ್ದರು. ಹಾಗೆ ಇಟ್ಟುಕೊಂಡರೆ ಮುಂದಿನದು ಸುಲಭ. ಅವೇ ಗಾಡಿಗಳು ಜಾಮ್ ಇಲ್ಲದೆ ಸರಾಗ ಓಡುತ್ತವೆ, ಡೀಸೆಲ್ ಉಳಿಯುತ್ತದೆ, ಹೊಗೆ ಕಡಿಮೆ. ಇಡೀ ವರದಿಯ ಹವಾಮಾನದ ವಾದ ನಿಂತಿದ್ದು ಈ ಒಂದು ಊಹೆಯ ಮೇಲೆ.

ಇನ್ನೊಂದು ತಮಾಷೆ. ಪಕ್ಕದ ಕಾಲಂನಲ್ಲಿ ವೇಗ ಕೊಟ್ಟಿದ್ದರು. ರಸ್ತೆ ಮಾಡದಿದ್ದರೆ ಇಪ್ಪತ್ತನೇ ವರ್ಷದಲ್ಲಿ ಹಳೇ ರಸ್ತೆಯ ವೇಗ ನಡೆಯುವವರಿಗಿಂತ ಕಡಿಮೆ. ಅಂದರೆ ಅಷ್ಟು ಸಾವಿರ ಜನ ದಿನಾ ಕಾರು ತೆಗೆದು, ನಡೆಯುವುದಕ್ಕಿಂತ ನಿಧಾನವಾಗಿ ಹೋಗುತ್ತಲೇ ಇರುತ್ತಾರೆ. ಯಾರೂ ಹೊತ್ತು ಬದಲಿಸಲ್ಲ, ಬಸ್ಸು ಹತ್ತಲ್ಲ, ಹೋಗೋದನ್ನೇ ಬಿಡಲ್ಲ. ಅಂಥ ಹಟವಾದಿಗಳು ಎಲ್ಲಿದ್ದಾರೋ ಗೊತ್ತಿಲ್ಲ. ನಾನಂತೂ ಅಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಲೆಕ್ಕವನ್ನೇ ಹಾಕಿ ನೋಡಿದೆ. ಹೊಸ ರಸ್ತೆ ಬಂದರೆ ನಾನೇನು ಮಾಡುತ್ತೇನೆ? ಈಗ ಜಾಮ್‌ಗೆ ಹೆದರಿ ವಾರಕ್ಕೊಮ್ಮೆ ಹೋಗುವ ಕಡೆಗೆ ಎರಡು ಸಲ ಹೋಗುತ್ತೇನೆ. ರೈಲಿಗೆ ಹೋಗುವ ದಿನ ಕಾರು ತೆಗೆಯುತ್ತೇನೆ. ಎರಡು ವರ್ಷ ಕಳೆದರೆ ಇನ್ನೂ ದೂರದ ಕೆಲಸ ಒಪ್ಪಿಕೊಳ್ಳುತ್ತೇನೆ. ಆ ಕೋಷ್ಟಕದಲ್ಲಿ ಇಲ್ಲದ ಗಾಡಿ ಹುಡುಕಲು ದೂರ ಹೋಗಬೇಕಿರಲಿಲ್ಲ, ಬಾಗಿಲ ಮುಂದೆ ನಿಂತಿತ್ತು.

ಇದು ನನ್ನೊಬ್ಬಳ ಹುಚ್ಚು ತರ್ಕವೋ ಅಂತ ಓದಲು ಶುರು ಮಾಡಿದೆ. ಹಳೇ ವಿಷಯವೇ. ಆಂಥನಿ ಡೌನ್ಸ್ ಅನ್ನುವ ಅರ್ಥಶಾಸ್ತ್ರಜ್ಞ 1962ರಲ್ಲೇ ಹೇಳಿದ್ದರು, ನಗರದ ಹೆದ್ದಾರಿ ಎಷ್ಟು ಹಿಡಿಸುತ್ತದೋ ಅಷ್ಟು ಗಾಡಿ ದಟ್ಟಣೆಯ ಹೊತ್ತಿನಲ್ಲಿ ಬಂದು ತುಂಬಿಕೊಳ್ಳುತ್ತದೆ ಅಂತ. ಬ್ರಿಟನ್ ಸರ್ಕಾರದ್ದೇ ಸಲಹಾ ಸಮಿತಿ 1994ರಲ್ಲಿ ಹೊಸ ರಸ್ತೆ ಹೊಸ ಟ್ರಾಫಿಕ್ಕನ್ನೂ ಹುಟ್ಟಿಸಬಹುದು ಅಂತ ಒಪ್ಪಿಕೊಂಡಿತು. 2011ರಲ್ಲಿ ಡ್ಯುರಾಂಟನ್ ಮತ್ತು ಟರ್ನರ್ ಅಮೆರಿಕದ ನಗರಗಳ ಅಂಕಿ ಜೋಡಿಸಿ ನೋಡಿದರು. ದೊಡ್ಡ ಹೆದ್ದಾರಿಗಳ ಉದ್ದ ಎಷ್ಟು ಪಾಲು ಹೆಚ್ಚಿತೋ, ಗಾಡಿ ಓಡಿದ ದೂರವೂ ಹೆಚ್ಚೂಕಮ್ಮಿ ಅಷ್ಟೇ ಪಾಲು ಹೆಚ್ಚಿತ್ತು. ಹ್ಯೂಸ್ಟನ್‌ನ ಕೇಟಿ ಫ್ರೀವೇ ಎಲ್ಲರೂ ಹೇಳುವ ಉದಾಹರಣೆ. 2008ರಲ್ಲಿ ಅಗಲ ಮಾಡಿ ಮುಗಿಸಿದರು. ಪಕ್ಕದ ಸರ್ವಿಸ್ ರಸ್ತೆ ಸೇರಿಸಿ ಕೆಲವು ಕಡೆ 26 ಲೇನ್. ಕೆಲವೇ ವರ್ಷದಲ್ಲಿ ದಟ್ಟಣೆಯ ಹೊತ್ತಿನ ಪ್ರಯಾಣ ಮತ್ತೆ ನಿಧಾನವಾಯಿತು.

ನನ್ನ ಗುಂಪಿನವರಿಗೆ ಇದನ್ನು ಹೇಳಿದಾಗ ಎದುರಾಗಿದ್ದು ಮೌನ. ಆಮೇಲೆ ಒಬ್ಬರು, "ಅಕ್ಕ, ನಿಮ್ಮನ್ನ ಕಳಿಸಿದ್ದು ಯಾಕೆ, ನೀವು ತಂದಿದ್ದು ಏನು?" ಅಂದರು. ನ್ಯಾಯವಾದ ಪ್ರಶ್ನೆ.

ಎರಡನೇ ಸಭೆಗೆ ವರದಿ ತಯಾರಿಸಿದವರ ಕಡೆಯ ಎಂಜಿನಿಯರ್ ಬಂದಿದ್ದರು. ಒಳ್ಳೆಯ ಮನುಷ್ಯ, ಹಾರಿಕೆ ಮಾತು ಆಡಲಿಲ್ಲ. ಕೋಷ್ಟಕದ ವಿಷಯ ಕೇಳಿದೆ. "ಮೇಡಂ, ಅದು ನಗರದ ಕಥೆ. ಊರು ಊರು ನಡುವಿನ ರಸ್ತೆಗೆ ಅಷ್ಟು ಜೋರಾಗಿ ಅನ್ವಯ ಆಗಲ್ಲ" ಅಂದರು. ಅದರಲ್ಲಿ ಹುರುಳಿದೆ. ಡೌನ್ಸ್ ಹೇಳಿದ್ದು ನಗರದ ರಸ್ತೆಗೇ. ಮೊದಲೇ ಜಾಮ್ ಆಗುವ ಕಡೆ ಹೊಸ ಗಾಡಿ ಬೇಗ ತುಂಬುತ್ತವೆ, ಖಾಲಿ ಇರುವ ಕಡೆ ಅಷ್ಟಿಲ್ಲ. "ಹಾಗಾದರೆ ಅಷ್ಟು ಜೋರಾಗಿ ಅಲ್ಲ, ಸ್ವಲ್ಪ. ಆ ಸ್ವಲ್ಪ ಎಷ್ಟು? ಸೊನ್ನೆ ಅಂತೂ ಅಲ್ವಾ ಸರ್?" ಅಂದೆ. ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಸೊನ್ನೆ ಅಲ್ಲ ಅಂದರು.

ವೇಗದ ಲೆಕ್ಕವೂ ಪೂರ್ತಿ ಅವರ ಕಡೆ ಇರಲಿಲ್ಲ. ನಿಂತು ನಿಂತು ಹೋಗುವ ಗಾಡಿ ಜಾಸ್ತಿ ಇಂಧನ ಕುಡಿಯುತ್ತದೆ, ನಿಜ. ಆದರೆ ಗಂಟೆಗೆ 100 ಕಿಲೋಮೀಟರ್ ದಾಟಿದರೆ ಗಾಳಿಯನ್ನು ತಳ್ಳುವುದಕ್ಕೇ ಮತ್ತೆ ಜಾಸ್ತಿ ಕುಡಿಯುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಮೇಷ್ಟ್ರು ಹಲಗೆ ಮೇಲೆ ಬರೆದೂ ತೋರಿಸಿದರು. ಒಂದು ಟನ್ ಸಿಮೆಂಟ್ ಮಾಡಿದರೆ ಅರ್ಧ ಟನ್ನಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಸೇತುವೆ, ಮೋರಿ, ತಡೆಗೋಡೆಗೆಲ್ಲ ಎಷ್ಟು ಸಿಮೆಂಟ್ ಅನ್ನುವುದು ವರದಿಯಲ್ಲಿತ್ತು, ಅದರ ಹೊಗೆ ಇರಲಿಲ್ಲ. ಒಂದು ಮರಕ್ಕೆ ಹತ್ತು ಸಸಿ ಅನ್ನುವ ಭರವಸೆ ಮಾತ್ರ ದಪ್ಪ ಅಕ್ಷರದಲ್ಲಿತ್ತು. ಸಸಿಗೆ ನೀರು ಯಾರು ಹಾಕುತ್ತಾರೆ ಅಂತ ಕೇಳಿದ್ದಕ್ಕೆ ಎಲ್ಲರೂ ಮುಖ ಮುಖ ನೋಡಿದರು.

ಇಷ್ಟಾದ ಮೇಲೆ ಲಾರಿಯವರು ನನ್ನನ್ನು ಬಾಗಿಲ ಹತ್ತಿರ ತಡೆದರು. "ಅಕ್ಕ, ಕಾಗದದ ಮೇಲೆ ಗಾಡಿ ಎಣಿಸೋದು ಬಿಡಿ. ಬನ್ನಿ, ರಸ್ತೆಯಲ್ಲೇ ಎಣಿಸೋಣ. ಲಾರಿ ಎಷ್ಟು ಒದ್ದಾಡ್ತಿದೆ ಗೊತ್ತಾಗುತ್ತೆ." ಸವಾಲು ಹಾಕಿದ ಹಾಗೇ ಇತ್ತು.

ಹಾಗೆ ಶುರುವಾಯಿತು ಎಣಿಕೆ. ಬೆಳಿಗ್ಗೆ ಆರಕ್ಕೆ ರಟ್ಟು, ಕಾಗದ, ಪೆನ್ಸಿಲ್. ಕಾಗದದಲ್ಲಿ ಮನೆ ಹಾಕಿ ಲಾರಿ, ಬಸ್ಸು, ಕಾರು, ಬೈಕು, ಸೈಕಲ್ಲು. ನಾಲ್ಕು ಗೀಟು ಎಳೆದು ಐದನೆಯದು ಅಡ್ಡ. ಹದಿನೈದು ನಿಮಿಷಕ್ಕೊಮ್ಮೆ ಕೆಳಗೆ ಗೆರೆ. ಕೇಳೋಕೆ ಸುಲಭ. ಮಾಡಿ ನೋಡಿ. ಮೂರು ಬೈಕು ಒಂದು ಲಾರಿಯ ಮರೆಯಲ್ಲಿ ಹೋಗುತ್ತವೆ, ನೀವು ಎರಡು ಗೀಟು ಎಳೆಯೋದರೊಳಗೆ ಇನ್ನೆರಡು ಕಾರು ದಾಟಿರುತ್ತದೆ. ಗಂಟೆಯಾದ ಮೇಲೆ ಕಣ್ಣು ಉರಿ, ಗಂಟಲಲ್ಲಿ ಡೀಸೆಲ್ ರುಚಿ. ಆ ಮನೆಯಾಕೆ ಒಂದು ಸ್ಟೂಲು ತಂದು ಕೊಟ್ಟರು. ಅವರ ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿದೆ, ಕರೀ ಮಸಿ. "ನಿನ್ನೆ ಒರೆಸಿದ್ದು" ಅಂದರು. ಅಷ್ಟೇ ಅಂದರು.

ಮೂರು ದಿನ ಎಣಿಸಿದೆವು. ಲಾರಿಗಿಂತ ಜಾಸ್ತಿ ಇದ್ದಿದ್ದು ಒಬ್ಬೊಬ್ಬರೇ ಕೂತ ಕಾರುಗಳು. ಲಾರಿಯವರಿಗೆ ಇದು ಹಿಡಿಸಲಿಲ್ಲ, ನನಗೂ ಹಿಡಿಸಲಿಲ್ಲ, ಕಾರಣ ಬೇರೆ ಬೇರೆ. ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಸಾಲು ನಿಲ್ಲುತ್ತಿದ್ದಿದ್ದು ರಸ್ತೆ ಕಿರಿದಾದ ಕಡೆ ಅಲ್ಲ, ಒಂದೇ ಒಂದು ಕೂಡು ರಸ್ತೆಯಲ್ಲಿ. ಅಡ್ಡ ತಿರುಗಲು ಕಾಯುವ ಒಂದು ಗಾಡಿ ಹಿಂದಿನ ಎಲ್ಲರನ್ನೂ ಹಿಡಿದಿಟ್ಟಿತ್ತು. ಅದು ತಿರುಗಿದರೆ ಸಾಲು ಬಿಚ್ಚಿಕೊಳ್ಳುತ್ತಿತ್ತು. ಅಷ್ಟು ವರ್ಷ ಆ ಸಾಲಿನಲ್ಲೇ ನಿಂತಿದ್ದೆ, ಮುಂದೆ ಏನಾಗಿದೆ ಅಂತ ಒಂದು ದಿನ ಇಳಿದು ನೋಡಿರಲಿಲ್ಲ.

ಅದೇ ವಾರ ಗೂಟಗಳ ಜಾಡು ಹಿಡಿದು ಹಳ್ಳದ ಕಡೆ ಹೋಗಿದ್ದೆ. ಅಲ್ಲಿ ಜಮೀನಿರುವ ಅಜ್ಜ ಒಬ್ಬರು ತಮ್ಮ ಪಂಪ್‌ಹೌಸಿನ ಗೋಡೆ ತೋರಿಸಿದರು. ನನ್ನ ಸೊಂಟದ ಮಟ್ಟಕ್ಕೆ ಒಂದು ಕಂದು ಗೆರೆ, ಅದರ ಮೇಲೆ ಎದೆಮಟ್ಟಕ್ಕೆ ಇನ್ನೊಂದು. "ಕೆಳಗಿನದು ನಮ್ಮಪ್ಪನ ಕಾಲದ್ದು. ಮೇಲಿನದು ಮೊನ್ನೆ ಮೊನ್ನೇದು" ಅಂದರು. ಹೆದ್ದಾರಿ ಅಲ್ಲಿ ಎತ್ತರದ ಮಣ್ಣಿನ ಏರಿ ಮೇಲೆ ಹಾಯುತ್ತದೆ, ನೀರು ದಾಟಲು ಕೆಳಗೆ ಮೋರಿ. ಮನೆಗೆ ಬಂದು ವರದಿಯ ಟಿಪ್ಪಣಿ ತೆಗೆದೆ. ಮೋರಿಯ ಬಾಯಿ ಲೆಕ್ಕ ಹಾಕಿದ್ದು ಐವತ್ತು ವರ್ಷಕ್ಕೊಮ್ಮೆ ಬರುವ ಮಳೆಗೆ. ಕೇಳಲು ಧೈರ್ಯ ಬರುತ್ತದೆ. ಅದರ ಅರ್ಥ ಐವತ್ತು ವರ್ಷ ಬರಲ್ಲ ಅಂತ ಅಲ್ಲ, ಪ್ರತಿ ವರ್ಷವೂ ನೂರಕ್ಕೆ ಎರಡು ಸಾಧ್ಯತೆ ಅಂತ. ಆ ಐವತ್ತು ವರ್ಷದ ಮಳೆಯನ್ನೂ ಹಳೇ ದಾಖಲೆಯಿಂದ ತೆಗೆದಿದ್ದರು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಹೆಚ್ಚು ನೀರಾವಿ ಹಿಡಿದಿಡುತ್ತದೆ. ಸುರಿದರೆ ಒಮ್ಮೆಲೇ ಸುರಿಯುತ್ತದೆ. ಹಳೇ ಮಳೆಗೆ ಹೊಲಿಸಿದ ಅಂಗಿ ಹೊಸ ಮಳೆಗೆ ಹಿಡಿಸುತ್ತದೆಯೇ?

ಹೆದ್ದಾರಿ ಅಂದರೆ ರಸ್ತೆ ಅಂದುಕೊಂಡಿದ್ದೆ. ನೀರಿನ ಕಡೆಯಿಂದ ನೋಡಿದರೆ ಅದು ಕಟ್ಟೆ.

ಸಾರ್ವಜನಿಕ ಅಹವಾಲು ಸಭೆಯ ದಿನ ಪೆಂಡಾಲು, ಟೋಕನ್, ತಲೆಗೆ ಮೂರು ನಿಮಿಷ. ಅದಕ್ಕೆ ಮುಂಚೆ ಒಂದೂವರೆ ಗಂಟೆ ಸ್ವಾಗತ ಭಾಷಣ. ನನ್ನ ಮುಂದೆ ಮಾತಾಡಿದ ಮೇಷ್ಟ್ರು ವೇಲ್ಸ್ ದೇಶದ ಕಥೆ ಹೇಳಿದರು. ಅಲ್ಲಿನ ಸರ್ಕಾರ 2019ರ ಏಪ್ರಿಲ್‌ನಲ್ಲಿ ಹವಾಮಾನ ತುರ್ತುಸ್ಥಿತಿ ಘೋಷಿಸಿತು. ಅದೇ ಜೂನ್‌ನಲ್ಲಿ ಮುಖ್ಯಮಂತ್ರಿ ಮಾರ್ಕ್ ಡ್ರೇಕ್‌ಫರ್ಡ್ ನ್ಯೂಪೋರ್ಟ್ ಬಳಿ ಬರಬೇಕಿದ್ದ ಹೊಸ ಎಂ4 ಹೆದ್ದಾರಿಯನ್ನು ಕೈಬಿಟ್ಟರು. ಖರ್ಚು ಒಂದು ಕಾರಣ, ಪರಿಸರ ಇನ್ನೊಂದು. ವಿಚಾರಣೆ ನಡೆಸಿದ ಅಧಿಕಾರಿ ರಸ್ತೆ ಮಾಡಿ ಅಂದಿದ್ದರು, ಆದರೂ ಬಿಟ್ಟರು. ಜಾಮ್ ಹಾಗೇ ಉಳಿಯಿತಲ್ಲ, ಅದಕ್ಕೊಂದು ಆಯೋಗ ಕೂರಿಸಿದರು. 2020ರಲ್ಲಿ ಅದು ಹೊಸ ರೈಲು ನಿಲ್ದಾಣ, ಬಸ್ಸು, ಸೈಕಲ್ ದಾರಿ ಮಾಡಿ ಅಂತ ಹೇಳಿತು. ಮೇಷ್ಟ್ರು ಇಲ್ಲಿಗೆ ನಿಲ್ಲಿಸಿದರು. ನನಗೆ ಅನ್ನಿಸಿದ್ದು ಬೇರೆ. ಆಯೋಗ ಹೇಳಿದ್ದು ಬರೀ ಕಾಗದದ ಮೇಲೆ. ರಸ್ತೆ ಬೇಡ ಅಂದಿದ್ದು ಒಂದೇ ದಿನದ ಕೆಲಸ, ರೈಲು ನಿಲ್ದಾಣ ಒಂದು ದಿನದ ಕೆಲಸ ಅಲ್ಲ. ಆ ನಡುವೆ ಕಿಟಕಿ ಒರೆಸುವವರು ಒರೆಸುತ್ತಲೇ ಇರಬೇಕು.

ನನ್ನ ಸರದಿ ಬಂತು. ಮೂರು ಪ್ರಶ್ನೆ ಬರೆದುಕೊಂಡಿದ್ದೆ. ಹೊಸದಾಗಿ ಹುಟ್ಟುವ ಗಾಡಿಗಳನ್ನು ಸೇರಿಸಿ ಮತ್ತೆ ಲೆಕ್ಕ ಹಾಕುತ್ತೀರಾ? ಕೂಡು ರಸ್ತೆ ಮಾತ್ರ ಸರಿ ಮಾಡಿದರೆ ಏನಾಗುತ್ತದೆ ಅಂತ ಯಾಕೆ ನೋಡಿಲ್ಲ? ಮೂರನೆಯದು ಹೇಳುವಷ್ಟರಲ್ಲಿ ಹಿಂದಿನಿಂದ "ನೀವು ರಸ್ತೆ ಪರನೋ ವಿರೋಧನೋ, ಅದು ಹೇಳಿ!" ಅಂತ ಕೂಗು. ಇನ್ನೊಬ್ಬರು "ಅಭಿವೃದ್ಧಿ ವಿರೋಧಿ" ಅಂದರು. ನನಗೆ ಮಾತು ತಪ್ಪಿತು. ಗಂಟೆ ಹೊಡೆದರು. ಇಳಿದು ಬಂದೆ.

ಮುಂದಿನ ಟೋಕನ್ ಲಾರಿಯವರದು. ಅವರು ಮೈಕ್ ಸರಿ ಮಾಡಿಕೊಂಡು, "ನನಗೆ ರಸ್ತೆ ಬೇಕು" ಅಂದರು. ಚಪ್ಪಾಳೆ. "ಆದರೆ ಅಕ್ಕ ಮೋರಿ ವಿಷಯ ಕೇಳೋಕೆ ಮರೆತರು. ನಾನು ಕೇಳ್ತೀನಿ. ಏರಿ ಮೇಲೆ ಲೋಡ್ ಗಾಡಿ ಇರುವಾಗ ಕೆಳಗೆ ಮಣ್ಣು ಕೊಚ್ಚಿಕೊಂಡು ಹೋದರೆ ಮೊದಲು ಹೋಗೋನು ನಾನು. ಯಾವ ಮಳೆ ಹಿಡಿದು ಲೆಕ್ಕ ಹಾಕಿದ್ದೀರ?" ಪೆಂಡಾಲು ಒಂದು ಕ್ಷಣ ಗಪ್‌ಚಿಪ್. ವೇದಿಕೆ ಮೇಲಿದ್ದವರು ಅದನ್ನು ಬರೆದುಕೊಂಡರು. ನಾನು ಹೇಳಿದ್ದಾಗ ಬರೆದುಕೊಂಡರೋ ಇಲ್ಲವೋ ನೋಡಿರಲಿಲ್ಲ.

ತಿಂಗಳುಗಳು ಹೋದವು. ಒಂದು ಪತ್ರ ಬಂತು. ಟ್ರಾಫಿಕ್ ಅಂದಾಜು ಮತ್ತೆ ಮಾಡಬೇಕು, ಮೋರಿಗಳನ್ನು ಹೊಸ ಮಳೆ ದಾಖಲೆಗೆ ತಾಳೆ ನೋಡಬೇಕು, ಅಲ್ಲಿಯವರೆಗೆ ತೀರ್ಮಾನ ಇಲ್ಲ. ಎರಡೂ ಗುಂಪಿನವರು ತಾವೇ ಗೆದ್ದೆವು ಅಂದರು. ನನ್ನ ಹಳೇ ಗುಂಪಿನ ಇಬ್ಬರು ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಮೇಷ್ಟ್ರ ಗುಂಪಿನವರು ನನ್ನನ್ನು ತಮ್ಮವಳು ಅಂದುಕೊಂಡಿದ್ದಾರೆ, ಅದೂ ಪೂರ್ತಿ ನಿಜ ಅಲ್ಲ. ಆ ತಿರುವಿನಲ್ಲಿ ರಾತ್ರಿ ಎರಡಕ್ಕೆ ಯಾರೂ ಸಾಯಬಾರದು ಅನ್ನುವುದಕ್ಕೆ ಉತ್ತರ ಬೇಡ್ವಾ? ಅದಕ್ಕೆ ನಾಲ್ಕು ಲೇನೇ ಬೇಕಾ ಅನ್ನುವುದಷ್ಟೇ ನನ್ನ ಜಗಳ.

ಕೂಡು ರಸ್ತೆಗೆ ಮಾತ್ರ ಯಾರ ಪುಣ್ಯವೋ ಸಿಗ್ನಲ್ ಬಂತು, ತಿರುಗುವವರಿಗೆ ಪಕ್ಕದಲ್ಲಿ ಒಂದು ತುಂಡು ಜಾಗ ಅಗೆದು ಕೊಟ್ಟರು. ಮೊದಲ ತಿಂಗಳು ನಾನು ಎಷ್ಟು ಬೇಗ ಮನೆ ಸೇರುತ್ತಿದ್ದೆ ಅಂದರೆ ನನಗೇ ಗಾಬರಿ. ಆ ಮನೆಯಾಕೆ ಹೊಗೆ ಕಡಿಮೆ ಆಗಿದೆ ಅಂದರು. ಈಗ ನಾಲ್ಕೈದು ತಿಂಗಳಾಯಿತು. ಮೊನ್ನೆ ಮತ್ತೆ ಸಿಗ್ನಲ್ಲಿನಲ್ಲಿ ಎರಡು ಸಲ ಕಾಯಬೇಕಾಯಿತು. ಮುಂದೆ ನೋಡಿದರೆ ರೈಲಿಗೆ ಹೋಗುತ್ತಿದ್ದ ಪಕ್ಕದ ಮನೆಯವರ ಕಾರು. ಕೈ ಬೀಸಿದರು.

ಲಾರಿಯವರಿಗೆ ಫೋನ್ ಮಾಡಿ ಹೇಳಿದೆ. ನಕ್ಕರು. "ಅಂದಾಜು ಬೇಡ ಅಕ್ಕ, ಎಣಿಸೇ ಬಿಡೋಣ" ಅಂದರು. ಈ ಬುಧವಾರ, ಬೆಳಿಗ್ಗೆ ಆರಕ್ಕೆ, ಅದೇ ಸ್ಟೂಲು. ಪೆನ್ಸಿಲ್ ಎರಡು ತರಬೇಕಂತೆ, ಹೋದ ಸಲ ಮೊನೆ ಮುರಿದು ಏಳೆಂಟು ಬೈಕು ತಪ್ಪಿಹೋಗಿದ್ದವು.